ಬೇಸಿಗೆಯ ಝಳ ಮತ್ತು ಜೀವಕೋಶದ ಹಂದರ

ಬೇಸಿಗೆಯಲ್ಲಿ ಟೊಮ್ಯಾಟೊ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ರೈತರಿಗೆ ಒಂದು ಅನುಭವ ಹೊಸದೇನಲ್ಲ. ಗಿಡ ಸೊಂಪಾಗಿ ಬೆಳೆದಿದೆ. ಎಲೆ ಹಸಿರಾಗಿದೆ. ನೀರಿಗೆ ಕೊರತೆಯಿಲ್ಲ, ಗೊಬ್ಬರವನ್ನೂ ಕೊಟ್ಟಾಗಿದೆ. ಗೊಂಚಲು ಗೊಂಚಲಾಗಿ ಹೂವೂ ಬಂದಿದೆ. ಆದರೆ ಕಾಯಿ ಕಚ್ಚುವುದಿಲ್ಲ. ಅರಳಿದ ಹೂವು ತೊಟ್ಟಿನ ಗೆಣ್ಣಿನಲ್ಲಿ ಹಳದಿಯಾಗಿ, ಕೈ ತಾಗಿದರೆ ಸಾಕು, ಉದುರಿಬಿಡುತ್ತದೆ.

ಆಗ ರೈತನ ಮೊದಲ ಅನುಮಾನ ಬೀಜದ ಮೇಲೆ. ಎರಡನೆಯದು ಗೊಬ್ಬರದ ಮೇಲೆ. ಮರುದಿನ ಅಂಗಡಿಗೆ ಹೋಗಿ, ಹೂವು ನಿಲ್ಲಿಸುವ ಔಷಧಿ ಎಂದು ಅವರು ಕೊಟ್ಟದ್ದನ್ನು ತಂದು ಸಿಂಪಡಿಸುವುದೂ ಉಂಟು. ಹಣ ಖರ್ಚಾಗುತ್ತದೆ, ಉದುರುವ ಹೂವು ಮಾತ್ರ ಉದುರುತ್ತಲೇ ಇರುತ್ತದೆ. ಬಿಸಿಲು ಇಳಿದ ಮೇಲೆ ಬಂದ ಹೂವುಗಳು ತಾವಾಗಿಯೇ ಕಾಯಿ ಕಟ್ಟತೊಡಗುತ್ತವೆ. ಔಷಧಿಯಿಂದಲೇ ಸರಿಹೋಯಿತೆಂದು ರೈತನು ತಿಳಿಯುತ್ತಾನೆ.

ಇಂತಹ ಎಷ್ಟೋ ಸಂದರ್ಭಗಳಲ್ಲಿ ನಷ್ಟವು ಹೂವು ಉದುರಿದ ದಿನ ಆದದ್ದಲ್ಲ. ಅದಕ್ಕೆ ಹತ್ತು ಹದಿನೈದು ದಿನ ಮೊದಲೇ, ಮೊಗ್ಗು ಜೋಳದ ಕಾಳಿನಷ್ಟಿದ್ದಾಗಲೇ ಅದು ಆಗಿಹೋಗಿರುತ್ತದೆ. ಹೊರಗಿನಿಂದ ನೋಡಿದರೆ ಆ ಮೊಗ್ಗಿನಲ್ಲಿ ಯಾವ ಊನವೂ ಕಾಣುವುದಿಲ್ಲ. ಕೆಟ್ಟಿರುವುದು ಮೊಗ್ಗಿನೊಳಗಿನ ಜೀವಕೋಶಗಳಲ್ಲಿ. ಈ ವಿಷಯವನ್ನು ಅರಿತರೆ ಬೇಸಿಗೆ ಬೆಳೆಯಲ್ಲಿ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಮಾಡಬಾರದು ಎಂಬುದು ತಿಳಿಯುತ್ತದೆ. ಆದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಜೀವಕೋಶದೊಳಗೊಂದು ಹಂದರ

ಗಿಡದ ಯಾವ ಭಾಗವೇ ಆಗಲಿ, ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜೀವಕೋಶಗಳಿಂದ ಆದದ್ದು. ಶಾಲೆಯ ಪುಸ್ತಕದಲ್ಲಿ ಜೀವಕೋಶದ ಚಿತ್ರ ನೋಡಿದವರಿಗೆ ಹೊರಗೊಂದು ಗೋಡೆ, ಅದಕ್ಕೆ ಅಂಟಿದ ತೆಳುವಾದ ಪೊರೆ, ಒಳಗೆ ಕೋಶಕೇಂದ್ರ, ಸುತ್ತಲೂ ಲೋಳೆಯಂತಹ ಕೋಶರಸ ಇರುವುದು ನೆನಪಿರಬಹುದು. ಚಿತ್ರ ನೋಡಿದರೆ ಕೋಶರಸವು ಪಾತ್ರೆಯಲ್ಲಿ ತುಂಬಿದ ಗಂಜಿಯಂತೆ ಸುಮ್ಮನೆ ನಿಂತಿದೆ ಎನಿಸುತ್ತದೆ. ನಿಜವಾಗಿ ಹಾಗಿಲ್ಲ. ಕೋಶರಸವು ಜೀವಕೋಶದೊಳಗೆ ಹರಿದಾಡುತ್ತಿರುವುದನ್ನು 1774ರಲ್ಲಿಯೇ ಇಟಲಿಯ ಕೋರ್ಟಿ ಎಂಬ ವಿಜ್ಞಾನಿ ನೀರುಸಸ್ಯವೊಂದರಲ್ಲಿ ಕಂಡಿದ್ದರು. ಅದನ್ನು ಹರಿಸುವ ಏರ್ಪಾಡು ಯಾವುದೆಂದು ತಿಳಿಯಲು ಮಾತ್ರ ಸುಮಾರು ಇನ್ನೂರು ವರ್ಷ ಬೇಕಾಯಿತು.

ಹಾಗಲ ಅಥವಾ ಹೀರೆ ಬಳ್ಳಿಗೆ ನಾವು ಗೂಟ ನೆಟ್ಟು, ತಂತಿ ಬಿಗಿದು ಹಂದರ ಹಾಕುತ್ತೇವೆ. ಬಳ್ಳಿ ಯಾವ ಕಡೆ ಹಬ್ಬಬೇಕು, ಕಾಯಿಯ ಭಾರ ಎಲ್ಲಿ ನಿಲ್ಲಬೇಕು ಎಂಬುದನ್ನು ಹಂದರವೇ ತೀರ್ಮಾನಿಸುತ್ತದೆ. ಜೀವಕೋಶದೊಳಗೂ ಇಂತಹದೇ ಒಂದು ಹಂದರವಿದೆ. ಇದು ಸಸಾರಜನಕದಿಂದ ಆದದ್ದು. ಸಸ್ಯಗಳಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಸಾಮಗ್ರಿಗಳಿವೆ.

ಮೊದಲನೆಯದು ಸೂಕ್ಷ್ಮ ನಳಿಕೆ. ಟ್ಯೂಬ್ಯುಲಿನ್ ಎಂಬ ಸಸಾರಜನಕದ ಉಂಡೆಗಳು ಒಂದಕ್ಕೊಂದು ಸೇರಿ ಈ ನಳಿಕೆ ಆಗುತ್ತದೆ. ಇದು ಎಷ್ಟು ಸಣ್ಣದೆಂದರೆ 40,000 ನಳಿಕೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಮಿಲಿಮೀಟರ್ ಅಗಲವಾದೀತು. ಸಸ್ಯಕೋಶದಲ್ಲಿ ಇದನ್ನು 1963ರಲ್ಲಿ ಅಮೆರಿಕದ ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ಸ್ಪಷ್ಟವಾಗಿ ತೋರಿಸಿದರು. ಎರಡನೆಯದು ಆಕ್ಟಿನ್ ಎಂಬ ಸಸಾರಜನಕದ ಎಳೆ. ಇದು ನಳಿಕೆಗಿಂತಲೂ ತೆಳು. ನಮ್ಮ ಮೈಯ ಮಾಂಸಖಂಡಗಳಲ್ಲಿ ಇರುವುದೂ ಇದೇ ಜಾತಿಯ ಎಳೆ.

ಆದರೆ ನಮ್ಮ ಹಂದರಕ್ಕೂ ಜೀವಕೋಶದ ಹಂದರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನಾವು ಒಮ್ಮೆ ನೆಟ್ಟ ಗೂಟ ಬೆಳೆ ಮುಗಿಯುವವರೆಗೂ ನಿಂತಲ್ಲಿಯೇ ಇರುತ್ತದೆ. ಜೀವಕೋಶವು ತನ್ನ ಹಂದರವನ್ನು ಸದಾ ಬಿಚ್ಚಿ ಕಟ್ಟುತ್ತಿರುತ್ತದೆ. ನಳಿಕೆಯ ಒಂದು ತುದಿಯಲ್ಲಿ ಉಂಡೆಗಳು ಸೇರುತ್ತಿದ್ದರೆ ಇನ್ನೊಂದು ಕಡೆ ಕಳಚುತ್ತಿರುತ್ತವೆ. ಎಲ್ಲಿ ಕೆಲಸವಿದೆಯೋ ಅಲ್ಲಿ ಹಂದರ ಎದ್ದು ನಿಲ್ಲುತ್ತದೆ. ಕೆಲಸ ಮುಗಿದೊಡನೆ ಅದೇ ಸಾಮಗ್ರಿ ಬೇರೆ ಕಡೆಗೆ ಹೋಗುತ್ತದೆ.

ಈ ಹಂದರದ ಕೆಲಸಗಳು ಮೂರು. ಒಂದು, ಜೀವಕೋಶದ ಆಕಾರವನ್ನು ನಿರ್ಧರಿಸುವುದು. ಗೋಡೆಗೆ ಹೊಂದಿಕೊಂಡ ನಳಿಕೆಗಳು ಯಾವ ದಿಕ್ಕಿನಲ್ಲಿ ಮಲಗಿವೆಯೋ ಆ ದಿಕ್ಕಿನಲ್ಲಿಯೇ ಗೋಡೆಯ ನಾರು ನೇಯಲ್ಪಡುತ್ತದೆ. ಎರಡು, ಸಾಗಾಣಿಕೆ. ಕೋಶದೊಳಗಿನ ಸಾಮಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಆಕ್ಟಿನ್ ಎಳೆಗಳ ಮೇಲೆಯೇ. ಮೂರು, ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಸಮನಾಗಿ ಹಂಚುವುದು. ಆಗ ನಳಿಕೆಗಳೆಲ್ಲ ಸೇರಿ ನೂಲುವ ಕದಿರಿನ ಆಕಾರ ತಾಳುತ್ತವೆ. ಈ ಕದಿರು ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಪಾಲು ಮಾಡುತ್ತದೆ.

ರೈತರು ಆಗಲೇ ಬಳಸುತ್ತಿರುವ ವಿದ್ಯೆ

ಇದು ಪ್ರಯೋಗಶಾಲೆಯ ಮಾತು, ಹೊಲಕ್ಕೆ ಸಂಬಂಧವಿಲ್ಲ ಎಂದು ತಿಳಿಯಬಾರದು. ಈರುಳ್ಳಿ, ಶೇಂಗಾ ಹೊಲಗಳಲ್ಲಿ ಕಳೆ ಹುಟ್ಟುವ ಮೊದಲು ಸಿಂಪಡಿಸುವ ಪೆಂಡಿಮೆಥಾಲಿನ್ ಎಂಬ ಕಳೆನಾಶಕವನ್ನು ಬಹಳಷ್ಟು ರೈತರು ಬಲ್ಲರು. ಇದು ಕೆಲಸ ಮಾಡುವುದೇ ಕಳೆಯ ಜೀವಕೋಶದ ಹಂದರದ ಮೇಲೆ. ಮೊಳೆಯುತ್ತಿರುವ ಕಳೆಬೀಜದ ಬೇರಿನ ತುದಿಯಲ್ಲಿ ಟ್ಯೂಬ್ಯುಲಿನ್ ಉಂಡೆಗಳು ನಳಿಕೆಯಾಗಿ ಸೇರದಂತೆ ಅದು ತಡೆಯುತ್ತದೆ. ಕದಿರು ಆಗದೆ ಜೀವಕೋಶಗಳು ಒಡೆದು ಹೆಚ್ಚಲಾರವು. ಅಂತಹ ಕಳೆಯನ್ನು ಕಿತ್ತು ನೋಡಿದರೆ ಬೇರಿನ ತುದಿ ಉದ್ದವಾಗಿ ಬೆಳೆಯುವ ಬದಲು ಮೊಂಡಾಗಿ ಗದೆಯಂತೆ ಉಬ್ಬಿರುವುದು ಕಾಣುತ್ತದೆ. ಹಂದರವಿಲ್ಲದ ಜೀವಕೋಶ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಇದು ಸುಲಭವಾದ ಉಪಾಯ.

ಶಿಲೀಂಧ್ರನಾಶಕವಾದ ಕಾರ್ಬೆಂಡಜಿಂ ಸಹ ಇದೇ ರೀತಿ ಶಿಲೀಂಧ್ರದ ಟ್ಯೂಬ್ಯುಲಿನ್ನಿಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ನಮ್ಮ ಕಾಡುಗಳಲ್ಲಿ ಮಳೆಗಾಲದಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜಗಳಲ್ಲಿರುವ ಕಾಲ್ಚಿಸಿನ್ ಎಂಬ ವಿಷವಸ್ತುವಿನ ಗುಣವೂ ಅದೇ. ತಳಿ ವಿಜ್ಞಾನಿಗಳು ಕಾಲ್ಚಿಸಿನ್ ಬಳಸಿ ಕದಿರನ್ನು ತಡೆದು, ವರ್ಣತಂತುಗಳು ಇಮ್ಮಡಿಯಾದ ಸಸ್ಯಗಳನ್ನು ಪಡೆಯುತ್ತಾರೆ.

ಔಷಧಿಯಿಂದ ಆಗುವ ಈ ಕೆಲಸದಲ್ಲಿ ಸ್ವಲ್ಪ ಭಾಗವನ್ನು ಬೇಸಿಗೆಯ ಶಾಖವೂ ಮಾಡುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ.

ಶಾಖ ತಾಗಿದಾಗ ಆಗುವುದೇನು?

ಶಾಖ ಏರಿದಂತೆ ಜೀವಕೋಶದ ಪೊರೆ ಬಿಸಿಗೆ ಕರಗುವ ತುಪ್ಪದಂತೆ ಸಡಿಲವಾಗುತ್ತದೆ. ಈ ಪೊರೆಗೆ ಹೊಂದಿಕೊಂಡ ನಳಿಕೆಗಳ ಜೋಡಣೆಯೂ ಸಡಿಲವಾಗುತ್ತದೆ. ಕೋಶದೊಳಕ್ಕೆ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ನುಗ್ಗುತ್ತದೆ. ಹಂದರವನ್ನು ಬಿಚ್ಚುವ ಮತ್ತು ಕಟ್ಟುವ ಸಸಾರಜನಕಗಳ ಹದ ತಪ್ಪುತ್ತದೆ.

ಹೊಗೆಸೊಪ್ಪಿನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಯೂರೋಪಿನ ವಿಜ್ಞಾನಿಗಳು ನಡೆಸಿದ ಪರೀಕ್ಷೆಯ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. 38 ಮತ್ತು 42 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಈ ಕೋಶಗಳನ್ನು ಒಡ್ಡಿದಾಗ ಎಲ್ಲ ನಳಿಕೆಗಳೂ ಒಂದೇ ರೀತಿ ಕೆಡಲಿಲ್ಲ. ಕೋಶ ಎರಡಾಗುವಾಗಿನ ಕದಿರಿನ ನಳಿಕೆಗಳು ಹೆಚ್ಚು ನಾಜೂಕು. ಗೋಡೆಯಂಚಿನ ನಳಿಕೆಗಳು ಅದಕ್ಕಿಂತ ಹೆಚ್ಚು ತಾಳಿಕೊಂಡವು. ಎಂದರೆ, ಸುಮ್ಮನೆ ಇರುವ ಕೋಶಕ್ಕಿಂತ ಒಡೆದು ಹೆಚ್ಚುತ್ತಿರುವ ಕೋಶವೇ ಶಾಖಕ್ಕೆ ಮೊದಲು ತುತ್ತಾಗುತ್ತದೆ.

ಶಾಖ ಇಳಿದಾಗ ನಳಿಕೆಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಹಾಗಾದರೆ ನಷ್ಟವೇನು ಎಂದು ಕೇಳಬಹುದು. ಉತ್ತರ ಪರಾಗದಲ್ಲಿದೆ.

ಎಲೆ ತಾಳುತ್ತದೆ, ಪರಾಗ ತಾಳದು

ಎಲೆಯ ಜೀವಕೋಶದಲ್ಲಿ ಮಧ್ಯಾಹ್ನ ಹಂದರ ಸಡಿಲವಾದರೆ ಸಂಜೆ ಅದು ಮತ್ತೆ ಬಿಗಿಯುತ್ತದೆ. ಅಲ್ಲಿ ಒಂದು ದಿನದ ಕೆಲಸ ತಡವಾಗಬಹುದು, ಅಷ್ಟೆ. ಮೊಗ್ಗಿನೊಳಗೆ ಪರಾಗ ಹುಟ್ಟುವ ಕ್ರಮ ಹಾಗಲ್ಲ. ಅಲ್ಲಿ ಪರಾಗದ ತಾಯಿಕೋಶವೊಂದು ಎರಡು ಬಾರಿ ಒಡೆದು ನಾಲ್ಕು ಪರಾಗಗಳಾಗುತ್ತವೆ. ವರ್ಣತಂತುಗಳು ಅರ್ಧಕ್ಕರ್ಧ ಪಾಲಾಗಬೇಕಾದುದು ಈ ಸಮಯದಲ್ಲಿಯೇ. ಒಂದು ತಾಯಿಕೋಶಕ್ಕೆ ಈ ಕೆಲಸ ಒಮ್ಮೆ ಮಾತ್ರ. ಆ ಹೊತ್ತಿನಲ್ಲಿ ಕದಿರು ಸರಿಯಾಗಿ ನಿಲ್ಲದಿದ್ದರೆ ಪಾಲು ತಪ್ಪುತ್ತದೆ. ಸಂಜೆ ನಳಿಕೆಗಳು ಮತ್ತೆ ಕಟ್ಟಿಕೊಂಡರೂ ತಪ್ಪಿದ ಪಾಲು ಸರಿಹೋಗದು. ಬಿತ್ತುವ ದಿನ ಕೂರಿಗೆಯ ಸಾಲು ಸೊಟ್ಟಾದರೆ ಮರುದಿನ ಕೂರಿಗೆಯನ್ನು ಸರಿಮಾಡಿ ಏನು ಪ್ರಯೋಜನ?

ಇದಕ್ಕೆ ಗುಲಾಬಿ ಒಂದು ಒಳ್ಳೆಯ ಉದಾಹರಣೆ. ಪರಾಗ ಹುಟ್ಟುವ ಹೊತ್ತಿನಲ್ಲಿ ಗುಲಾಬಿ ಗಿಡಗಳನ್ನು 36 ಡಿಗ್ರಿ ಶಾಖದಲ್ಲಿ ಸ್ವಲ್ಪ ಕಾಲ ಇರಿಸಿದಾಗ ಕದಿರುಗಳ ದಿಕ್ಕು ತಪ್ಪಿ, ನಾಲ್ಕು ಪರಾಗಗಳ ಬದಲು ಎರಡು ಅಥವಾ ಮೂರು ಪರಾಗಗಳು ಹುಟ್ಟಿದವೆಂದು ಫ್ರಾನ್ಸಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಅವುಗಳಲ್ಲಿ ವರ್ಣತಂತುಗಳು ಇಮ್ಮಡಿಯಾಗಿದ್ದವು. ಕಾಲ್ಚಿಸಿನ್ ಹಾಕದೆಯೇ ಶಾಖವು ಕಾಲ್ಚಿಸಿನ್ನಿನಂತಹ ಕೆಲಸ ಮಾಡಿತ್ತು.

ಟೊಮ್ಯಾಟೊದಲ್ಲಿ ಪರಾಗಕ್ಕೆ ಅತ್ಯಂತ ನಾಜೂಕಾದ ಕಾಲ ಹೂವು ಅರಳುವುದಕ್ಕೆ ಸುಮಾರು 8ರಿಂದ 13 ದಿನ ಮೊದಲು ಬರುತ್ತದೆ. ಆ ದಿನಗಳಲ್ಲಿ ಹಗಲಿನ ಉಷ್ಣತೆ 32ರಿಂದ 35 ಡಿಗ್ರಿ ದಾಟಿ, ರಾತ್ರಿಯೂ 21ರಿಂದ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಜೀವವಿರುವ ಪರಾಗದ ಪ್ರಮಾಣ ಕುಗ್ಗುತ್ತದೆ.

ಪರಾಗ ಹುಟ್ಟಿದ ಮೇಲೂ ಹಂದರದ ಕೆಲಸ ಮುಗಿಯುವುದಿಲ್ಲ. ಶಲಾಕೆಯ ತುದಿಗೆ ಬಿದ್ದ ಪರಾಗವು ಮೊಳೆತು ಒಂದು ನಾಳವನ್ನು ಇಳಿಬಿಡುತ್ತದೆ. ಈ ನಾಳ ಅಂಡಾಶಯವನ್ನು ಮುಟ್ಟಿದರೆ ಮಾತ್ರ ಬೀಜ ಕಟ್ಟುತ್ತದೆ. ನಾಳದ ತುದಿಗೆ ಗೋಡೆ ಕಟ್ಟುವ ಸಾಮಗ್ರಿಯನ್ನು ಸಾಗಿಸುವ ದಾರಿ ಆಕ್ಟಿನ್ ಎಳೆಗಳದು. ಶಾಖಕ್ಕೆ ಸಿಕ್ಕಿದ ಹೊಗೆಸೊಪ್ಪಿನ ಪರಾಗನಾಳದಲ್ಲಿ ಈ ಎಳೆಗಳ ಜೋಡಣೆ ಕೆಟ್ಟು, ಗೋಡೆ ಕಟ್ಟಲು ಬೇಕಾದ ಕಿಣ್ವವೊಂದು ತಲುಪಬೇಕಾದ ಕಡೆಗೆ ಸರಿಯಾಗಿ ತಲುಪುವುದಿಲ್ಲವೆಂದು 2016ರಲ್ಲಿ ಇಟಲಿಯ ವಿಜ್ಞಾನಿಗಳು ವರದಿ ಮಾಡಿದರು.

ಪರಾಗ ಕೆಡಲು ಹಂದರವೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಪರಾಗಕ್ಕೆ ಆಹಾರ ಉಣಿಸುವ ಒಳಪದರ ಶಾಖಕ್ಕೆ ಬೇಗನೆ ಸಾಯುವುದು, ಪರಾಗಕ್ಕೆ ಸಕ್ಕರೆಯ ಅಂಶ ಕಡಿಮೆಯಾಗುವುದು, ಇವೂ ಜೊತೆಗೂಡುತ್ತವೆ. ಆದರೆ ಇವೆಲ್ಲವೂ ನಡೆಯುವುದು ಮೊಗ್ಗಿನಲ್ಲಿಯೇ, ಹೂವು ಅರಳುವ ಮೊದಲೇ.

ಗಿಡ ತನ್ನನ್ನು ತಾನು ಕಾಯುವ ಬಗೆ

ಶಾಖಕ್ಕೆ ಸಿಕ್ಕ ಜೀವಕೋಶವು ಕೈಕಟ್ಟಿ ಕುಳಿತಿರುವುದಿಲ್ಲ. 1962ರಲ್ಲಿ ಇಟಲಿಯ ರಿಟೋಸ್ಸಾ ಎಂಬುವರು ಹಣ್ಣಿನ ನೊಣದ ಮರಿಹುಳುಗಳನ್ನು ಪರೀಕ್ಷಿಸುತ್ತಿದ್ದಾಗ, ಪೆಟ್ಟಿಗೆಯ ಉಷ್ಣತೆ ಹೆಚ್ಚಾದಾಗ ವರ್ಣತಂತುಗಳ ಕೆಲವು ಜಾಗಗಳು ಉಬ್ಬಿದ್ದನ್ನು ಕಂಡರು. ಆ ಜಾಗಗಳಿಂದ ವಿಶೇಷ ಸಸಾರಜನಕಗಳು ತಯಾರಾಗುತ್ತವೆ ಎಂಬುದು 1974ರಲ್ಲಿ ತಿಳಿಯಿತು. ಇವನ್ನು ಶಾಖಾಘಾತ ಸಸಾರಜನಕ ಎನ್ನುತ್ತಾರೆ. ಬಿಸಿಗೆ ಮುದುಡಿಹೋಗುವ ಇತರ ಸಸಾರಜನಕಗಳನ್ನು ಹಿಡಿದು, ಮತ್ತೆ ಸರಿಯಾಗಿ ಮಡಿಸಿ ನಿಲ್ಲಿಸುವುದು ಇವುಗಳ ಕೆಲಸ. ನೊಣದಿಂದ ಹಿಡಿದು ಭತ್ತದವರೆಗೆ ಎಲ್ಲ ಜೀವಿಗಳಲ್ಲೂ ಇವು ಇವೆ.

ಸೋಯಾ ಅವರೆ ಸಸಿಗಳ ಮೇಲಿನ ಪ್ರಯೋಗಗಳಿಂದ 1984ರಲ್ಲಿ ಒಂದು ಉಪಯುಕ್ತ ಸಂಗತಿ ಹೊರಬಂತು. 45 ಡಿಗ್ರಿ ಶಾಖದಲ್ಲಿ ಎರಡು ಗಂಟೆ ಇಟ್ಟರೆ ಸಸಿಗಳು ಸಾಯುತ್ತವೆ. ಆದರೆ ಅವನ್ನು ಮೊದಲು 40 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಹದಗೊಳಿಸಿದ್ದರೆ ಅದೇ 45 ಡಿಗ್ರಿಯನ್ನು ತಾಳುತ್ತವೆ. ಮೊದಲ ಬಿಸಿಯ ಎಚ್ಚರಿಕೆಯಿಂದ ಕೋಶಗಳು ಶಾಖಾಘಾತ ಸಸಾರಜನಕಗಳನ್ನು ಕೂಡಿಟ್ಟುಕೊಂಡಿರುತ್ತವೆ.

ಈ ಎಚ್ಚರಿಕೆಯ ಸುದ್ದಿ ಮುಟ್ಟುವ ದಾರಿಯಲ್ಲಿಯೂ ಹಂದರದ ಪಾತ್ರವಿದೆ. ಮೇವಿನ ಬೆಳೆಯಾದ ಲೂಸರ್ನ್ ಮೇಲೆ ಕೆನಡಾ ಮತ್ತಿತರ ಕಡೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೊರೆ ಸಡಿಲವಾದ ಸುದ್ದಿ ಹಂದರದ ಬದಲಾವಣೆಯ ಮೂಲಕವೇ ಒಳಕ್ಕೆ ತಲುಪುವುದು ಕಂಡುಬಂತು. ಹಾಗಾಗಿ ಹಂದರವು ಮನೆಯ ತೊಲೆಯೂ ಹೌದು, ಬಾಗಿಲ ಗಂಟೆಯೂ ಹೌದು.

ಬಹುಕಾಲ ಶಾಖವನ್ನು ತಾಳುವ ಶಕ್ತಿಯೆಲ್ಲ ಶಾಖಾಘಾತ ಸಸಾರಜನಕಗಳದೇ ಎಂದು ನಂಬಲಾಗಿತ್ತು. 2014ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಈ ನಂಬಿಕೆಗೆ ಒಂದು ತಿದ್ದುಪಡಿ ತಂದರು. ಅವರು ಪರೀಕ್ಷಿಸಿದ್ದು ಒಂದು ಮಿಲಿಮೀಟರ್ ಉದ್ದದ ಜಂತುಹುಳುವನ್ನು. ಇದು ನಮ್ಮ ಬೆಳೆಗಳಿಗೆ ಬೇರುಗಂಟು ತರುವ ಜಂತುವಿನ ದೂರದ ಬಂಧು, ಆದರೆ ಬೆಳೆಗೆ ಹಾನಿ ಮಾಡದು. ಶಾಖಾಘಾತ ಸಸಾರಜನಕಗಳನ್ನು ತಯಾರಿಸಲು ಆಜ್ಞೆ ಕೊಡುವ ಒಂದು ಮುಖ್ಯ ಅಂಶವಿದೆ. ಅದರ ತುದಿಯನ್ನು ಕತ್ತರಿಸಿದ ರೂಪವನ್ನು ಹುಳುವಿನಲ್ಲಿ ಹೆಚ್ಚಿಸಿದಾಗ ಶಾಖಾಘಾತ ಸಸಾರಜನಕಗಳು ಹೆಚ್ಚಲಿಲ್ಲ. ಆದರೂ ಹುಳುಗಳು ಶಾಖವನ್ನು ಹೆಚ್ಚು ತಾಳಿದವು, ಹೆಚ್ಚು ಕಾಲ ಬದುಕಿದವು. ಕಾರಣ ಹುಡುಕಿದಾಗ, ಆಕ್ಟಿನ್ ಎಳೆಗಳನ್ನು ಭದ್ರವಾಗಿಡಲು ನೆರವಾಗುವ ಒಂದು ಸಸಾರಜನಕ ಅವುಗಳಲ್ಲಿ ಹೆಚ್ಚಾಗಿತ್ತು. ಅದೊಂದನ್ನೇ ಹೆಚ್ಚಿಸಿದರೂ ಹುಳುಗಳ ತಾಳಿಕೆ ಹೆಚ್ಚಿತು. ಮುದುಡಿದ ಸಾಮಾನನ್ನು ಸರಿಪಡಿಸುವುದು ಎಷ್ಟು ಮುಖ್ಯವೋ, ಹಂದರ ಕುಸಿಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ ಎಂದಾಯಿತು. ಇದು ಹುಳುವಿನ ಮಾತು. ಇದನ್ನು ನೇರವಾಗಿ ಬೆಳೆಗೆ ಹೊಂದಿಸಬಾರದು. ಆದರೆ ಶಾಖ ತಾಳುವ ಗುಣವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಇದು ದಾರಿ ತೋರಿಸಿದೆ.

ಭತ್ತ ಮತ್ತು ಕಡಲೆಯಲ್ಲಿ

ಮೊಗ್ಗು ಮತ್ತು ಹೂವು ನಾಜೂಕಾಗಿರುವುದು ಟೊಮ್ಯಾಟೊದಲ್ಲಿ ಮಾತ್ರವಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತ ತಡವಾಗಿ ನಾಟಿಯಾದರೆ ಏಪ್ರಿಲ್ ಬಿಸಿಲಿಗೆ ಹೂವಾಡುತ್ತದೆ. ಭತ್ತದಲ್ಲಿ ಅತ್ಯಂತ ನಾಜೂಕಾದ ಸಮಯ ಹೂವು ಬಿಚ್ಚುವ ಹೊತ್ತು. ಆಗ 35 ಡಿಗ್ರಿ ಮೀರಿದ ಶಾಖ ಒಂದು ಗಂಟೆ ಕಾಲ ಇದ್ದರೂ ಕಾಳು ಜೊಳ್ಳಾಗಬಹುದು. ಅದಕ್ಕೆ ಎರಡನೆಯ ನಾಜೂಕಾದ ಸಮಯ ತೆನೆ ಹೊರಬರುವುದಕ್ಕೆ ಸುಮಾರು 9 ದಿನ ಮೊದಲು, ಪೈರು ಹೊಡೆಯಾಗಿರುವಾಗ. ಪರಾಗ ಹುಟ್ಟುವ ಕಾಲ ಅದು. ಶಾಖ ತಾಳುವ ಗುಣಕ್ಕೆ ಹೆಸರಾದ ನಗೀನಾ 22 ಎಂಬ ನಮ್ಮ ದೇಶದ ಹಳೆಯ ಭತ್ತದ ತಳಿಯನ್ನು ತಳಿ ವಿಜ್ಞಾನಿಗಳು ಇದೇ ಕಾರಣಕ್ಕೆ ಬಹಳವಾಗಿ ಬಳಸುತ್ತಿದ್ದಾರೆ.

ಉತ್ತರ ಕರ್ನಾಟಕದ ಎರೆಭೂಮಿಯ ಕಡಲೆಯೂ ಹೀಗೆಯೇ. ಹಿಂಗಾರಿನಲ್ಲಿ ಬಿತ್ತನೆ ತಡವಾದಷ್ಟೂ ಹೂವು ಬಿಸಿಲಿಗೆ ಸಿಕ್ಕುತ್ತದೆ. 35 ಡಿಗ್ರಿ ದಾಟಿದರೆ ಕಡಲೆಯಲ್ಲಿ ಪರಾಗ ಕೆಟ್ಟು ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಬೇಕೆಂದೇ ತಡವಾಗಿ ಬಿತ್ತಿ, ಬಿಸಿಲಿನಲ್ಲಿಯೂ ಕಾಯಿ ಕಟ್ಟುವ ಗಿಡಗಳನ್ನು ಆರಿಸುವ ಕ್ರಮವನ್ನು ಅನುಸರಿಸಿದರು. ತಡವಾದ ಬಿತ್ತನೆಗೆ ಹೊಂದುವ ಜೆ.ಜಿ. 14 ಎಂಬ ಕಡಲೆ ತಳಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು.

ರೈತರು ಅನುಸರಿಸಬೇಕಾದ ಕ್ರಮಗಳು

1. ಹಿಂದಕ್ಕೆ ಎಣಿಸಿ ನೋಡಿ. ಏಪ್ರಿಲ್ 20ರಂದು ಟೊಮ್ಯಾಟೊ ಹೂವು ಉದುರುವುದು ಕಂಡಿತೆನ್ನಿ. ಆ ಹೂವು ಅರಳಿದ್ದು ಸುಮಾರು ಏಪ್ರಿಲ್ 16ಕ್ಕೆ. ಅಲ್ಲಿಂದ 8ರಿಂದ 13 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 3ರಿಂದ 8. ಆ ದಿನಗಳಲ್ಲಿ ಝಳ ಹೆಚ್ಚಾಗಿತ್ತೇ ಎಂದು ನೆನಪು ಮಾಡಿಕೊಳ್ಳಬೇಕು. ಹೆಚ್ಚಾಗಿತ್ತೆಂದಾದರೆ ಬೀಜವನ್ನು ದೂರುವ ಮೊದಲು ಯೋಚಿಸಬೇಕು. ಝಳವಿರಲಿಲ್ಲವೆಂದಾದರೆ ಹೆಚ್ಚಾದ ಸಾರಜನಕ, ತೇವದ ಏರುಪೇರು, ಥ್ರಿಪ್ಸ್ ನುಸಿಯಂತಹ ಕೀಟಗಳ ಕಡೆ ಗಮನ ಕೊಡಬೇಕು.

2. ನಾಟಿಯ ದಿನವನ್ನು ಹೂವಿನಿಂದ ಲೆಕ್ಕ ಹಾಕಿ. ಟೊಮ್ಯಾಟೊ ನಾಟಿ ಮಾಡಿದ ಸುಮಾರು 30 ದಿನಕ್ಕೆ ಹೂವು ತೋರಿಸುತ್ತದೆ. ಡಿಸೆಂಬರ್ ನಡುವೆ ನಾಟಿ ಮಾಡಿದರೆ ಮುಖ್ಯವಾದ ಗೊಂಚಲುಗಳು ಜನವರಿ ಮಧ್ಯದಿಂದ ಮಾರ್ಚ್ ಮೊದಲ ಭಾಗದೊಳಗೆ ಕಾಯಿ ಕಟ್ಟಿರುತ್ತವೆ. ಫೆಬ್ರವರಿ ಕೊನೆಯಲ್ಲಿ ನಾಟಿ ಮಾಡಿದರೆ ಮೊಗ್ಗಿನ ಕಾಲವೇ ಮಾರ್ಚ್ ಕೊನೆ ಮತ್ತು ಏಪ್ರಿಲ್‌ನ ಝಳಕ್ಕೆ ಸಿಕ್ಕುತ್ತದೆ. ಬೇಸಿಗೆಯಲ್ಲಿ ಬೆಲೆ ಬರುವುದೆಂಬ ಆಸೆಯಿಂದ ನಾಟಿ ಮಾಡುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

3. ನೀರನ್ನು ಮೊಗ್ಗಿನ ಕಾಲಕ್ಕೆ ಮೀಸಲಿಡಿ. ಗಿಡಕ್ಕೆ ಸಾಕಷ್ಟು ನೀರಿದ್ದಾಗ ಎಲೆಯಿಂದ ಆವಿ ಹೊರಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ ಗಿಡವೂ ತಣ್ಣಗಾಗುತ್ತದೆ. ನೀರು ಕಡಿಮೆಯಾದರೆ ಈ ತಂಪು ತಪ್ಪುತ್ತದೆ. ನೀರಿನ ಅಭಾವವಿದ್ದವರು ಹೂವು ಉದುರುವುದನ್ನು ಕಂಡ ಮೇಲೆ ಹೆಚ್ಚು ನೀರು ಬಿಡುವುದಕ್ಕಿಂತ, ಮೊಗ್ಗು ಕಾಣುವ ಹೊತ್ತಿಗೆ ಬಾಡದಂತೆ ನೋಡಿಕೊಳ್ಳುವುದು ಲೇಸು. ಬೇಸಿಗೆ ಭತ್ತದಲ್ಲಿ ಹೊಡೆಯಾಗುವಾಗ ಮತ್ತು ಹೂವಾಡುವಾಗ ಗದ್ದೆಯಲ್ಲಿ ನೀರು ನಿಂತಿರಬೇಕು.

4. ನೆಲಕ್ಕೆ ಹೊದಿಕೆ, ಗಿಡಕ್ಕೆ ತೆಳುನೆರಳು. ಸಾಲುಗಳ ನಡುವೆ ಹುಲ್ಲು ಅಥವಾ ಸೋಗೆಯ ಹೊದಿಕೆ ಹಾಕಿದರೆ ನೆಲದ ಕಾವು ತಗ್ಗುತ್ತದೆ, ತೇವ ಉಳಿಯುತ್ತದೆ. ಅನುಕೂಲವಿದ್ದವರು ಶೇ. 35ರ ನೆರಳುಬಲೆಯನ್ನು ಝಳದ ವಾರಗಳಲ್ಲಿ ಬಳಸಬಹುದು. ನೆರಳು ಅತಿಯಾದರೆ ಗಿಡ ಸೊರಗಿ ಉದ್ದವಾಗುತ್ತದೆ, ಎಚ್ಚರವಿರಲಿ. ಬಿಸಿಗಾಳಿ ಬೀಸುವ ಕಡೆ ಮೊದಲೇ ಮುಸುಕಿನ ಜೋಳದ ಎರಡು ಮೂರು ಸಾಲು ಹಾಕಿದ್ದರೆ ಅದು ತಡೆಯಾಗುತ್ತದೆ.

5. ಸಸಿಗಳನ್ನು ಹದಗೊಳಿಸಿ ನಾಟಿ ಮಾಡಿ. ನಾಟಿಗೆ ಒಂದು ವಾರ ಮೊದಲು ಸಸಿಮಡಿಗೆ ನೀರು ಕಡಿಮೆ ಮಾಡುತ್ತಾ, ನೆರಳನ್ನು ಮೆಲ್ಲಗೆ ತೆಗೆಯುತ್ತಾ ಬಂದರೆ ಸಸಿಗಳು ಹೊಲದ ಬಿಸಿಲಿಗೆ ಬೇಗ ಹೊಂದಿಕೊಳ್ಳುತ್ತವೆ. ಮೇಲೆ ಹೇಳಿದ ಸೋಯಾ ಅವರೆ ಪ್ರಯೋಗದ ತತ್ವ ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಈ ಹದ ಕೆಲವು ದಿನಗಳದು ಮಾತ್ರ. ಒಂದು ತಿಂಗಳ ಮೇಲೆ ಬರುವ ಮೊಗ್ಗನ್ನು ಅದು ಕಾಯದು.

6. ಚೋದಕಗಳ ಮೇಲೆ ಅತಿಯಾದ ನಂಬಿಕೆ ಬೇಡ. ಹೂವು ನಿಲ್ಲಿಸುವ ಸಸ್ಯ ಚೋದಕಗಳು ತೊಟ್ಟನ್ನು ಸ್ವಲ್ಪ ಹಿಡಿದು ನಿಲ್ಲಿಸಿಯಾವು. ಮೊಗ್ಗಿನಲ್ಲಿ ಕೆಟ್ಟ ಪರಾಗವನ್ನು ಯಾವ ಸಿಂಪರಣೆಯೂ ಮತ್ತೆ ಜೀವಂತಗೊಳಿಸದು.

7. ಉಷ್ಣತೆಯನ್ನು ಬರೆದಿಡಿ. ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ತೋರಿಸುವ ಮಾಪಕವನ್ನು ತೋಟದಲ್ಲಿ ನೇರ ಬಿಸಿಲು ತಾಗದ ಕಡೆ, ಗಿಡದ ಎತ್ತರಕ್ಕೆ ತೂಗುಹಾಕಿ, ದಿನಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡಬೇಕು. ರಾತ್ರಿಯ ಉಷ್ಣತೆಯನ್ನು ಮರೆಯಬಾರದು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳ ರಾತ್ರಿಗಳು 25 ಡಿಗ್ರಿ ದಾಟುವುದು ಸಾಮಾನ್ಯ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ರೈತನು ದೂರು ತಂದಾಗ ಬರಿಯ ಊಹೆಯಿಂದ ಉತ್ತರ ಕೊಡಬೇಕಾಗಿಲ್ಲ. ಬೆಳಿಗ್ಗೆ ಆಗತಾನೇ ಅರಳಿದ ಐದಾರು ಟೊಮ್ಯಾಟೊ ಹೂವುಗಳನ್ನು ತಂದು, ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅಸಿಟೊಕಾರ್ಮಿನ್ ಬಣ್ಣದ ಒಂದು ಹನಿ ಹಾಕಿ, ಕಾಲೇಜಿನಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಒಳ್ಳೆಯ ಪರಾಗ ದುಂಡಗೆ ತುಂಬಿಕೊಂಡು ಕೆಂಪಾಗಿ ಕಾಣುತ್ತದೆ. ಕೆಟ್ಟ ಪರಾಗ ಸುಕ್ಕುಗಟ್ಟಿ ಬಣ್ಣ ಹಿಡಿಯದೆ ಉಳಿಯುತ್ತದೆ. ಭತ್ತದ ಪರಾಗಕ್ಕೆ ಅಯೋಡಿನ್ ದ್ರಾವಣ ಸಾಕು. ಪಿಷ್ಟ ತುಂಬಿದ ಪರಾಗ ಕಪ್ಪಾಗುತ್ತದೆ, ಬಂಜೆ ಪರಾಗ ಪೇಲವವಾಗಿರುತ್ತದೆ. ನೂರು ಪರಾಗಗಳಲ್ಲಿ ಎಷ್ಟು ಒಳ್ಳೆಯವು ಎಂದು ಎಣಿಸಿ ರೈತನಿಗೇ ತೋರಿಸಬೇಕು.

ಸೂಕ್ಷ್ಮದರ್ಶಕವಿಲ್ಲದ ಕಡೆ ಟೊಮ್ಯಾಟೊ ಹೂವಿನಲ್ಲಿ ಇನ್ನೊಂದು ಗುರುತು ಇದೆ. ಸಾಮಾನ್ಯವಾಗಿ ಶಲಾಕೆಯ ತುದಿ ಹಳದಿ ಕೇಸರಗಳ ಕೊಳವೆಯೊಳಗೆ ಅಡಗಿರುತ್ತದೆ. ಶಾಖಕ್ಕೆ ಸಿಕ್ಕ ಹೂವಿನಲ್ಲಿ ಅದು ಕೊಳವೆಯಿಂದ ಹೊರಕ್ಕೆ ಚಾಚಿರುವುದುಂಟು. ಅಂತಹ ಹೂವುಗಳು ಹೆಚ್ಚಾಗಿದ್ದರೆ ಝಳದ ಅನುಮಾನ ಬಲವಾಗುತ್ತದೆ.

ಬೇಸಿಗೆ ಬೆಳೆಯ ಲಾಭ ನಷ್ಟ ನಿರ್ಧಾರವಾಗುವುದು ಜೋಳದ ಕಾಳಿನಷ್ಟು ಚಿಕ್ಕ ಮೊಗ್ಗಿನೊಳಗೆ, ಕೆಲವೇ ದಿನಗಳ ಕಾಲದಲ್ಲಿ. ಆ ದಿನಗಳು ಯಾವುವೆಂದು ನಾಟಿಗೆ ಮೊದಲೇ ಲೆಕ್ಕ ಹಾಕಿದ ರೈತನು, ಹೂವು ಉದುರಿದ ಮೇಲೆ ಅಂಗಡಿಗೆ ಓಡುವ ರೈತನಿಗಿಂತ ಮುಂದಿರುತ್ತಾನೆ. ತಮ್ಮ ಭಾಗಕ್ಕೆ ಹೊಂದುವ ತಳಿ ಮತ್ತು ನಾಟಿಯ ಕಾಲದ ಬಗ್ಗೆ ರೈತರು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದವರನ್ನು ವಿಚಾರಿಸಿ ಸಲಹೆ ಪಡೆಯಬಹುದು.